ಕೀವಿಲ್ಲ, ಕ್ರಿಮಿಯಿಲ್ಲ, ಆದರೂ ಮುರಿದ ಕಾಲಿಗೆ ಜ್ವರ ಯಾಕೆ?

[ಆರಂಭ: ಮಳೆಯಲ್ಲಿ ನೆನೆದ ಮೆಟ್ಟಿಲು, ಹಸಿರು ಪಾಚಿ. ದೂರದಲ್ಲಿ ಲೋಕಲ್ ರೈಲಿನ ಸದ್ದು.]

ನಮಸ್ಕಾರ. ಜುಲೈ ತಿಂಗಳಲ್ಲಿ ಮುಂಬೈ ಪಕ್ಕದ ಡೊಂಬಿವಲಿಯ ಮಳೆ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಮ್ಮ ದೊಡ್ಡಮ್ಮ ತರಕಾರಿಗೆ ಅಂತ ಚೀಲ ಹಿಡಿದು ಮೆಟ್ಟಿಲು ಇಳಿಯುತ್ತಿದ್ದರು. ಪಾಚಿಯ ಮೇಲೆ ಕಾಲಿಟ್ಟರು. ಜಾರಿತು, ಪಾದ ತಿರುಚಿತು, ಆಂಕಲ್ ಮುರಿಯಿತು.

ದೊಡ್ಡಮ್ಮ ಮದುವೆಯಾಗಿ ಕುಂದಾಪುರದಿಂದ ಇಲ್ಲಿಗೆ ಬಂದು 42 ವರ್ಷ. ಭಾಜಿಯವಳ ಹತ್ತಿರ ಚೌಕಾಸಿ ಮರಾಠಿಯಲ್ಲಿ, ರಿಕ್ಷಾದವನ ಹತ್ತಿರ ಜಗಳ ಹಿಂದಿಯಲ್ಲಿ. ಆದರೆ ಬಿದ್ದಾಗ ಬಾಯಿಂದ ಬಂದದ್ದು ಒಂದೇ: "ಅಯ್ಯೋ ಅಬ್ಬೇ!"

ಪಕ್ಕದ ಸೈಟಿನಲ್ಲಿ ಟೈಲ್ಸ್ ಕೂರಿಸುತ್ತಿದ್ದ ಹುಡುಗನೊಬ್ಬ ಆ ಕೂಗು ಕೇಳಿ ಓಡಿ ಬಂದ. ಕಲಬುರಗಿ ಕಡೆಯವನು. "ಏಳಬ್ಯಾಡ್ರಿ ಅವ್ವಾರ, ಹಂಗೇ ಕುಂದರ್ರಿ" ಅಂದ. ಅವನೇ ರಿಕ್ಷಾ ತಂದ. ಆ ಕೂಗನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಪರೇಷನ್ ಆಯಿತು. ಪ್ಲೇಟು, ಸ್ಕ್ರೂ ಹಾಕಿದರು. ಮರುದಿನ ಸಂಜೆ ಜ್ವರ. ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು. "ಒಳಗೆ ಕೀವಾಯ್ತಾ?" ಅಂತ ಎಲ್ಲರನ್ನೂ ಕೇಳುತ್ತಿದ್ದರು. ಡಾಕ್ಟರ್ ಗಾಯ ನೋಡಿದರು, ರಿಪೋರ್ಟ್ ನೋಡಿದರು. "ಸೋಂಕಿಲ್ಲ. ದೇಹ ತನ್ನ ಕೆಲಸ ಮಾಡ್ತಾ ಇದೆ" ಅಂದರು.

ನನ್ನ ತಲೆಗೆ ಹುಳ ಬಿಟ್ಟದ್ದು ಆ ಮಾತು. ಜ್ವರ ಅಂದರೆ ದೇಹ ಕ್ರಿಮಿಗಳ ಜೊತೆ ಹೋರಾಡುವುದು ಅಂತ ಶಾಲೆಯಲ್ಲಿ ಕಲಿತಿದ್ದೇವೆ, ಅಲ್ವಾ? ಇಲ್ಲಿ ಕ್ರಿಮಿಯೇ ಇಲ್ಲ. ಹಾಗಾದರೆ ಹೋರಾಟ ಯಾರ ಜೊತೆ? ಅಷ್ಟೇ ಅಲ್ಲ, ಆಪರೇಷನ್‌ಗಿಂತ ಮೊದಲು ಚರ್ಮ ಚೂರೂ ಹರಿದಿರಲಿಲ್ಲ. ಆದರೂ ಕಾಲು ಕುಂಬಳಕಾಯಿಯ ಹಾಗೆ ಊದಿತ್ತು, ಮುಟ್ಟಿದರೆ ಬಿಸಿ.

[ಚಿತ್ರ: ಮುರಿದ ಮೂಳೆ, ಸುತ್ತ ಹೆಪ್ಪುಗಟ್ಟಿದ ರಕ್ತ.]

ಮೊದಲ ಪಾಠ ಬೇಗ ಮುಗಿಸೋಣ. ಮೂಳೆ ಕಲ್ಲಲ್ಲ, ಒಳಗೆಲ್ಲ ರಕ್ತನಾಳಗಳಿವೆ. ಮುರಿದಾಗ ಅವೂ ಹರಿಯುತ್ತವೆ, ರಕ್ತ ಸುತ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಸವಲ್ಲ. ಇಲಿಗಳಲ್ಲಿ ಅದನ್ನು ತೆಗೆದುಹಾಕಿ ನೋಡಿದಾಗ ಮೂಳೆ ಸರಿಯಾಗಿ ಕೂಡಲಿಲ್ಲ. ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಬಂದು ಸೇರುತ್ತವೆ. ಅವುಗಳ ಹಿಂದೆ ಮ್ಯಾಕ್ರೋಫೇಜ್‌ಗಳು, ಸತ್ತದ್ದನ್ನು ನುಂಗಿ ಜಾಗ ಸ್ವಚ್ಛ ಮಾಡುವವು. ಎರಡು ಮೂರು ವಾರದಲ್ಲಿ ಮೆದು ಮೂಳೆಯ ಸೇತುವೆ, ಆಮೇಲೆ ಅದು ಗಟ್ಟಿ. ಇಷ್ಟು ಎಲ್ಲಾ ಪುಸ್ತಕದಲ್ಲೂ ಇದೆ.

ನನಗೆ ಬೇಕಾದದ್ದು ಮೊದಲ ಗಂಟೆ. ಆ ನ್ಯೂಟ್ರೋಫಿಲ್‌ಗಳನ್ನು ಕರೆದವರು ಯಾರು?

[ಪರದೆ ಮೇಲೆ ಒಂದೇ ಪದ: ಮೈಟೋಕಾಂಡ್ರಿಯಾ]

ಈ ಹೆಸರು ಎಲ್ಲರೂ ಕೇಳಿದ್ದೀರಿ. ಜೀವಕೋಶದ ಪವರ್ ಹೌಸ್ ಅಂತ ಬರೆದರೆ ಪರೀಕ್ಷೆಯಲ್ಲಿ ಒಂದು ಮಾರ್ಕು. ಆದರೆ ಇದರ ಹಿಂದಿನ ಕಥೆ ಬೇರೆಯೇ ಇದೆ. ನೂರು ಕೋಟಿ ವರ್ಷಕ್ಕೂ ಎಷ್ಟೋ ಮೊದಲು ಇವು ಸ್ವತಂತ್ರವಾಗಿ ಬದುಕುತ್ತಿದ್ದ ಬ್ಯಾಕ್ಟೀರಿಯಾ. ಇನ್ನೊಂದು ಕೋಶದ ಒಳಗೆ ಸೇರಿಕೊಂಡವು, ಅಲ್ಲೇ ನೆಲೆಸಿದವು. 1967ರಲ್ಲಿ ಅಮೆರಿಕದ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ಇದನ್ನು ವಿವರವಾಗಿ ಬರೆದಾಗ ಹೆಚ್ಚಿನವರು ಒಪ್ಪಲಿಲ್ಲ. ಈಗ ಇದೇ ಪಠ್ಯಪುಸ್ತಕದ ಮಾತು.

ಬಂದವರು ಮನೆಯವರೇ ಆದರು. ನಮಗೆ ಉಸಿರಿನಷ್ಟೇ ಮುಖ್ಯ. ಆದರೆ ಹಳೆಯ ಕೆಲವು ಅಭ್ಯಾಸ ಬಿಡಲಿಲ್ಲ. ಇವುಗಳ ಡಿಎನ್‌ಎ ಇವತ್ತಿಗೂ ಬೇರೆ. ನಮ್ಮ ಡಿಎನ್‌ಎ ಉದ್ದ ದಾರ, ಇವುಗಳದ್ದು ಬ್ಯಾಕ್ಟೀರಿಯಾದ ಹಾಗೆ ಬಳೆಯಂತೆ ದುಂಡಗೆ. ಅದರಲ್ಲಿ 37 ಜೀನ್‌ಗಳು. ಅವು ತಮಗೆ ಬೇಕಾದ 13 ಪ್ರೋಟೀನ್‌ಗಳನ್ನು ತಾವೇ ಮಾಡಿಕೊಳ್ಳುತ್ತವೆ.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಪ್ರೋಟೀನ್ ಅಂದರೆ ಮಣಿಸರ ಅಂದುಕೊಳ್ಳಿ. ಬ್ಯಾಕ್ಟೀರಿಯಾ ಸರ ಪೋಣಿಸುವಾಗ ಮೊದಲ ಮಣಿಗೆ ಫಾರ್ಮೈಲ್ ಅನ್ನುವ ಒಂದು ಸಣ್ಣ ಗುರುತು ಅಂಟಿಸುತ್ತದೆ. ನಮ್ಮ ಕೋಶ ತಾನು ಪೋಣಿಸುವ ಸರಕ್ಕೆ ಆ ಗುರುತು ಹಾಕುವುದಿಲ್ಲ. ಮೈಟೋಕಾಂಡ್ರಿಯಾ? ಇವತ್ತಿಗೂ ಹಾಕುತ್ತದೆ. ಇತ್ತ ನ್ಯೂಟ್ರೋಫಿಲ್‌ನ ಮೈಮೇಲೆ ಆ ಗುರುತನ್ನೇ ಹಿಡಿಯುವ ಕಿವಿಗಳಿವೆ. ಆ ಗುರುತು ಸಿಕ್ಕಿತೋ, ಎಲ್ಲಿಂದ ಬಂತೋ ಆ ಕಡೆಗೆ ಓಡುತ್ತದೆ.

ಸಾಮಾನ್ಯ ದಿನಗಳಲ್ಲಿ ಯಾರಿಗೂ ಇದು ಗೊತ್ತಾಗುವುದಿಲ್ಲ. ಮೈಟೋಕಾಂಡ್ರಿಯಾ ಕೋಶದ ಒಳಗೆ, ನ್ಯೂಟ್ರೋಫಿಲ್ ಹೊರಗೆ. ಮಧ್ಯೆ ಗೋಡೆ. ಮೂಳೆ ಮುರಿದಾಗ ಸುತ್ತಲಿನ ಲೆಕ್ಕವಿಲ್ಲದಷ್ಟು ಕೋಶಗಳ ಗೋಡೆ ಒಡೆಯುತ್ತದೆ. ಒಳಗಿನವರು ಹೊರಗೆ ಬೀಳುತ್ತಾರೆ. ಬಿದ್ದಾಗ ಯಾವ ಭಾಷೆ ಬರುತ್ತದೆ?

ದೊಡ್ಡಮ್ಮನ "ಅಯ್ಯೋ ಅಬ್ಬೇ" ನೆನಪಾಯಿತಾ? 42 ವರ್ಷ ಮರಾಠಿ ಮಾತಾಡಿದರೂ ಬಿದ್ದ ಗಳಿಗೆಯಲ್ಲಿ ಹೊರಟದ್ದು ಹಳೆಯ ಮಾತು. ಅದನ್ನು ಗುರುತಿಸಿದ ಕಿವಿಯೊಂದು ಹತ್ತಿರದಲ್ಲಿತ್ತು. ಹಾಗಾಗಿ ನೆರವು ಬಂತು. ಮೈಟೋಕಾಂಡ್ರಿಯಾದ್ದೂ ಅದೇ. ಕೋಟಿಗಟ್ಟಲೆ ವರ್ಷ ನಮ್ಮೊಳಗೆ ಬಾಳಿದರೂ, ಬಿದ್ದಾಗ ತನ್ನ ತವರಿನ ಮಾತಿನಲ್ಲೇ ಕೂಗುತ್ತದೆ. ಕಾವಲಿನವರು ಅದನ್ನು ಬ್ಯಾಕ್ಟೀರಿಯಾ ಅಂತಲೇ ತಿಳಿದು ಓಡಿ ಬರುತ್ತಾರೆ.

ಇದು ಬರೀ ಊಹೆಯಲ್ಲ. 2010ರಲ್ಲಿ ಬಾಸ್ಟನ್ನಿನ ಒಂದು ತಂಡ 'ನೇಚರ್' ಪತ್ರಿಕೆಯಲ್ಲಿ ಇದನ್ನು ತೋರಿಸಿತು. ದೊಡ್ಡ ಪೆಟ್ಟು ಬಿದ್ದವರ ರಕ್ತದಲ್ಲಿ ಮೈಟೋಕಾಂಡ್ರಿಯಾದ ಡಿಎನ್‌ಎ, ಆರೋಗ್ಯವಂತರಿಗಿಂತ ಸಾವಿರಾರು ಪಟ್ಟು ಜಾಸ್ತಿ ಇತ್ತು. ಅದೇ ನ್ಯೂಟ್ರೋಫಿಲ್‌ಗಳನ್ನು ಎಬ್ಬಿಸುತ್ತಿತ್ತು. ತುಂಬಾ ಮೂಳೆ ಮುರಿದು ಆಸ್ಪತ್ರೆಗೆ ಬಂದವರಿಗೆ ಸೋಂಕಿಲ್ಲದೆಯೂ ಮೈಯೆಲ್ಲ ನಂಜೇರಿದ ಹಾಗೆ ಆಗುವುದಕ್ಕೆ ಇದೊಂದು ಕಾರಣ. ಅಂಥವರಿಗೆ ಮೊದಲ ದಿನವೇ ದೊಡ್ಡ ಆಪರೇಷನ್ ಮಾಡಿದರೆ ಅದು ಎರಡನೇ ಪೆಟ್ಟು. ಅದಕ್ಕೇ ಡಾಕ್ಟರುಗಳು ಕೆಲವೊಮ್ಮೆ ಹೊರಗಿನಿಂದ ರಾಡು ಕಟ್ಟಿ, ಮೂಳೆ ಅಲುಗದ ಹಾಗೆ ಮಾಡಿ, ಕೆಲವು ದಿನ ಕಾಯುತ್ತಾರೆ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು "ಯಾಕೆ ಇನ್ನೂ ಆಪರೇಷನ್ ಮಾಡಿಲ್ಲ" ಅಂತ ಸಂಕಟಪಡುವವರಿಗೆ ಇದನ್ನು ಯಾರಾದರೂ ಕೂತು ಹೇಳಬೇಕು ಅಂತ ನನಗೆ ಅನ್ನಿಸುತ್ತದೆ.

[ಚಿತ್ರ: ಖಾಲಿ ರೈಲು ಹಳಿ, ಕಿತ್ತಳೆ ಬಣ್ಣದ ಅಂಗಿ ತೊಟ್ಟ ಕೆಲಸಗಾರರು.]

ಸರಿ, ಕಾವಲಿನವರು ಬಂದರು. ಹೋರಾಡಲು ಯಾರೂ ಇಲ್ಲ. ಹಾಗಾದರೆ ಈ ಊತ, ಈ ನೋವು, ಈ ಬಿಸಿ ಎಲ್ಲ ಸುಮ್ನೆ ದಂಡವಾ?

ಹಳಿ ರಿಪೇರಿಗೆ ಅಂತ ಲೋಕಲ್ ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್ ನೆನಪಿಸಿಕೊಳ್ಳಿ. ರೈಲು ನಿಲ್ಲುತ್ತದೆ, ನಮಗೆಲ್ಲ ತೊಂದರೆ. ಆದರೆ ರೈಲು ನಿಂತರೆ ತಾನೇ ಹಳಿಯ ಕೆಲಸ ಆಗುವುದು? ನೋವು ಕಾಲನ್ನು ನಿಲ್ಲಿಸುತ್ತದೆ. ರಕ್ತನಾಳಗಳು ಸಡಿಲವಾಗಿ ಕೆಲಸಗಾರರು ಒಳಗೆ ಬರಲು ದಾರಿ ಕೊಡುತ್ತವೆ, ಅದೇ ಊತ. ಟಿಎನ್‌ಎಫ್ ಅನ್ನುವ ಒಂದು ಸಂದೇಶ ಮೊದಲ ಒಂದೆರಡು ದಿನ ಜೋರಾಗಿ ಹೊರಡುತ್ತದೆ. ಅದನ್ನು ಕೇಳಿಸಿಕೊಳ್ಳಲಾಗದ ಇಲಿಗಳಲ್ಲಿ ಮೂಳೆ ಕೂಡುವುದು ತಡವಾಗುತ್ತದೆ. ಅಂದರೆ ಮೂಳೆ ಕಟ್ಟುವ ಕೋಶಗಳನ್ನು ಕರೆಸುವವರೂ ಈ ಕಾವಲಿನವರೇ.

ಆದರೆ ಬ್ಲಾಕ್ ಹೇಳಿದ ಹೊತ್ತಿಗೆ ತೆರವಾಗಬೇಕು. ಸೋಮವಾರ ಬೆಳಿಗ್ಗೆಯೂ ಹಳಿ ಕಿತ್ತಿಟ್ಟರೆ ಊರೇ ನಿಲ್ಲುತ್ತದೆ. ಅದಕ್ಕೇ ಮ್ಯಾಕ್ರೋಫೇಜ್‌ಗಳು ಕೆಲವು ದಿನಗಳಲ್ಲಿ ಸ್ವಭಾವ ಬದಲಿಸುತ್ತವೆ. ಒಡೆದು ಬಾಚುವ ಕೆಲಸ ಬಿಟ್ಟು, ಹೊಸ ರಕ್ತನಾಳ, ಹೊಸ ಮೂಳೆ ಬೆಳೆಯಲು ನೆರವಾಗುತ್ತವೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ ಈ ಬದಲಾವಣೆ ತಡವಾಗುತ್ತದೆ. ವಯಸ್ಸಾದರೂ ಹಾಗೆಯೇ. ಈ ಕಣಗಳು ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ; ಮುದಿ ಇಲಿಗೆ ಎಳೆಯ ಇಲಿಯ ಮಜ್ಜೆ ಕೊಟ್ಟಾಗ ಅದರ ಮೂಳೆ ಬೇಗ ಕೂಡಿತು.

ಈಗ ಆಪರೇಷನ್. ದೊಡ್ಡಮ್ಮನಿಗೆ ಎಂಟು ದಿನ ಕಾಯಿಸಿದ್ದರು. ಡಾಕ್ಟರ್ ದಿನಾ ಬಂದು ಕಾಲಿನ ಚರ್ಮ ನೋಡುತ್ತಿದ್ದರು. "ಸುಕ್ಕು ಬರಲಿ" ಅನ್ನುತ್ತಿದ್ದರು. ಊತ ಇಳಿದಾಗ ಚರ್ಮದಲ್ಲಿ ಸಣ್ಣ ಸಣ್ಣ ಸುಕ್ಕು ಕಾಣುತ್ತದೆ. ಅದೇ ಹಸಿರು ಸಿಗ್ನಲ್. ಬಿಗಿದು ಊದಿದ ಚರ್ಮ ಕೊಯ್ದರೆ ಹೊಲಿಗೆ ಸರಿಯಾಗಿ ಕೂಡುವುದಿಲ್ಲ, ಆಗ ನಿಜವಾದ ಸೋಂಕಿಗೆ ಬಾಗಿಲು ತೆರೆದ ಹಾಗೆ.

ಕೊಯ್ದಾಗ ಮತ್ತೆ ಕೋಶಗಳು ಒಡೆಯುತ್ತವೆ, ಮತ್ತೆ ಅದೇ ಕೂಗು, ಅದೇ ಓಟ. ಕಾವಲಿನವರ ಸಂದೇಶ ಮೆದುಳಿಗೂ ಮುಟ್ಟಿ ಮೈ ಬಿಸಿಯೇರುತ್ತದೆ, ಮರುದಿನದ ಜ್ವರ ಅದೇ. ಮೈಯೊಳಗಿನ ಉರಿಯೂತ ಅಳೆಯುವ ಸಿಆರ್‌ಪಿ ಅನ್ನುವ ರಕ್ತಪರೀಕ್ಷೆಯೂ ಆಪರೇಷನ್ ಆದ ಎರಡು ಮೂರನೇ ದಿನ ಏರಿಯೇ ಇರುತ್ತದೆ. ಡಾಕ್ಟರ್ ನೋಡುವುದು ಅದು ಆಮೇಲೆ ಇಳಿಯುತ್ತಿದೆಯಾ ಅಂತ. ಇಳಿದು ಮತ್ತೆ ಏರಿದರೆ, ಕೆಲವು ದಿನ ಬಿಟ್ಟು ಹೊಸದಾಗಿ ಜ್ವರ ಬಂದರೆ, ಗಾಯದಿಂದ ನೀರು ಸೋರಿದರೆ ತಡಮಾಡಬೇಡಿ, ತಕ್ಷಣ ತೋರಿಸಿ. ನೋವು ಮಾತ್ರೆ ಕೊಟ್ಟರೂ ನಿಲ್ಲದೆ ಏರುತ್ತಲೇ ಹೋದರೆ, ಬೆರಳು ಜೋಮು ಹಿಡಿದರೆ ಆ ರಾತ್ರಿಯೇ ಓಡಬೇಕು.

ಟೈಮ್ ಆಗುತ್ತಾ ಬಂತು, ಉಳಿದ ಪ್ರಶ್ನೆಗಳು ಬೇಗ ಬೇಗ.

ಲೋಹ ಹಾಕಿದರೆ ದೇಹ ಒಪ್ಪುತ್ತದಾ? ಟೈಟಾನಿಯಂ ಅನ್ನು ಮೂಳೆ ತಬ್ಬಿಕೊಂಡೇ ಬೆಳೆಯುತ್ತದೆ. 1952ರಲ್ಲಿ ಸ್ವೀಡನ್ನಿನ ವೈದ್ಯ ಬ್ರೊನೆಮಾರ್ಕ್ ಮೊಲದ ಮೂಳೆಯೊಳಗೆ ಇಟ್ಟಿದ್ದ ಟೈಟಾನಿಯಂ ತುಂಡನ್ನು ಕೀಳಲು ಹೋದರೆ ಬರಲೇ ಇಲ್ಲ. ಭಯ ಇರುವುದು ಬ್ಯಾಕ್ಟೀರಿಯಾ ಮೊದಲು ಆ ಲೋಹದ ಮೇಲೆ ಕೂತುಬಿಟ್ಟರೆ. ಅವು ಲೋಳೆಯ ಹೊದಿಕೆ ಹೊದ್ದು ಕೂರುತ್ತವೆ, ಔಷಧಿಯೂ ಸರಿಯಾಗಿ ತಾಗುವುದಿಲ್ಲ. ಅದಕ್ಕೇ ಕೊಯ್ಯುವುದಕ್ಕೆ ಮುಂಚಿನ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಇಂಜೆಕ್ಷನ್.

ನೋವಿನ ಮಾತ್ರೆ? ಊತ ಇಳಿಸುವ ಕೆಲವು ಮಾತ್ರೆಗಳು ತಡೆಯುವುದು ಕಾಕ್ಸ್-2 ಅನ್ನುವ ಕಿಣ್ವವನ್ನು. ಅದೇ ಇಲ್ಲದ ಇಲಿಗಳಲ್ಲಿ ಮೂಳೆ ಸರಿಯಾಗಿ ಕೂಡಲಿಲ್ಲ ಅಂತ 2002ರಲ್ಲಿ ಕಂಡುಬಂತು. ಮನುಷ್ಯರ ವಿಷಯದಲ್ಲಿ ಡಾಕ್ಟರುಗಳಲ್ಲೇ ಎರಡು ಮಾತಿದೆ. ಹಾಗಾಗಿ ಡಾಕ್ಟರ್ ಬರೆದದ್ದನ್ನು ಬರೆದಷ್ಟು ದಿನ ಮಾತ್ರ. ಮೆಡಿಕಲ್ ಅಂಗಡಿಯಿಂದ ನೀವೇ ತಂದು ತಿಂಗಳುಗಟ್ಟಲೆ ನುಂಗಬೇಡಿ. ಬೀಡಿ, ಸಿಗರೇಟು ಪೂರ್ತಿ ಬಿಡಿ, ರಕ್ತ ಓಡದ ಕಡೆ ಮೂಳೆ ಕೂಡುವುದಿಲ್ಲ.

ಎಣ್ಣೆ ತಿಕ್ಕಬಹುದಾ? ಊರಿನಿಂದ ಫೋನು ಬಂದಾಗಲೆಲ್ಲ ಇದೇ ಪ್ರಶ್ನೆ. ಮುರಿದ ಜಾಗವನ್ನು ದಯವಿಟ್ಟು ಉಜ್ಜಬೇಡಿ. ಮತ್ತೆ ಮತ್ತೆ ಪೆಟ್ಟು ಕೊಟ್ಟರೆ ಮಾಂಸದೊಳಗೇ ಮೂಳೆ ಬೆಳೆದುಬಿಡಬಹುದು.

[ಚಿತ್ರ: ಎರಡು ಎಕ್ಸ್‌ರೇ, ಅಕ್ಕಪಕ್ಕ.]

ಕೊನೆಗೆ ಇದನ್ನು ನೋಡಿ. ಎಡಗಡೆ ಬಿದ್ದ ದಿನದ್ದು, ಬಲಗಡೆ ಮೂರು ತಿಂಗಳಿನದ್ದು. ಬಿರುಕು ಹುಡುಕಬೇಕು, ಅಷ್ಟು ಕೂಡಿದೆ. ಚರ್ಮಕ್ಕೆ ಗಾಯವಾದರೆ ಕಲೆ ಉಳಿಯುತ್ತದೆ. ಮೂಳೆಯಲ್ಲಿ ಹೊಸ ಮೂಳೆಯೇ ಬರುತ್ತದೆ. ಆಸ್ಟಿಯೋಕ್ಲಾಸ್ಟ್ ಅನ್ನುವ ಕೋಶಗಳು ಜಾಸ್ತಿಯಾದದ್ದನ್ನು ಕೆರೆದು ಕೆರೆದು ಹಳೆಯ ಆಕಾರಕ್ಕೆ ತರುತ್ತವೆ. ಅವು ಎಲ್ಲಿಯವು ಗೊತ್ತಾ? ಮೊದಲ ದಿನ ಓಡಿ ಬಂದ ಮ್ಯಾಕ್ರೋಫೇಜ್‌ಗಳ ಮನೆತನದವೇ, ಹಲವು ಸೇರಿ ಒಂದಾದವು. ದೊಡ್ಡಮ್ಮ ಈಗ ಅದೇ ಮೆಟ್ಟಿಲನ್ನು ಕಂಬಿ ಹಿಡಿದು ಇಳಿಯುತ್ತಾರೆ. ಒಳಗೆ ಆ ಕೆತ್ತನೆ ಇನ್ನೂ ನಡೆದಿದೆ.