ಗ್ಯಾಲರಿಯ ಕೊನೇ ಸಾಲಿಗೂ ಕಾಣುವ ಅಂಗಿ

ಕೇಳುಗರೆಲ್ಲರಿಗೂ ನಮಸ್ಕಾರ.

2018ರ ಜುಲೈ 15ರ ರಾತ್ರಿ ನೆನಪಿದೆಯಾ? ಮಾಸ್ಕೋದ ಲುಝ್ನಿಕಿ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ವಿಶ್ವಕಪ್ ಫೈನಲ್. ಫ್ರಾನ್ಸ್ ಎದುರು ಕ್ರೊಯೇಷಿಯಾ 4-2ರಲ್ಲಿ ಸೋತಿತು. ಗೋಲು ಹೊಡೆದವರ ಹೆಸರು ಮರೆತವರಿಗೂ ಸೋತವರ ಅಂಗಿ ಮರೆತಿಲ್ಲ. ಕೆಂಪು ಬಿಳಿ ಚೌಕಗಳು, ಚದುರಂಗದ ಹಾಸಿನ ಹಾಗೆ. ಅಲ್ವಾ?

ಆ ಅಂಗಿಯನ್ನು ರೂಪಿಸಿದ್ದು ಒಬ್ಬ ಚಿತ್ರಕಾರರು. ಮಿರೋಸ್ಲಾವ್ ಶುಟೆಯ್ ಅಂತ ಅವರ ಹೆಸರು. 1960ರ ದಶಕದಲ್ಲಿ ಝಾಗ್ರೆಬ್ ನಗರದಲ್ಲಿ ಗೆರೆ, ಚುಕ್ಕಿ, ವೃತ್ತಗಳನ್ನೇ ಇಟ್ಟುಕೊಂಡು ನೋಡುವವರ ಕಣ್ಣನ್ನು ಕೆಣಕುವ ಚಿತ್ರಗಳನ್ನು ಬರೆಯುತ್ತಿದ್ದರು. 1963ರ ಒಂದು ಚಿತ್ರಕ್ಕೆ ಅವರು ಇಟ್ಟ ಹೆಸರಿನ ಅರ್ಥವೇ ‘ಕಣ್ಣಿನ ನರದ ಮೇಲೆ ಬಾಂಬ್ ದಾಳಿ’. 1990ರಲ್ಲಿ ಕ್ರೊಯೇಷಿಯಾ ತಂಡಕ್ಕೆ ಜೆರ್ಸಿ ಬೇಕಾದಾಗ ಕೆಲಸ ಇವರ ಕೈಗೆ ಬಂತು. ಆ ಕೆಂಪು ಬಿಳಿ ಚೌಕ ಅಲ್ಲಿಯವರ ಹಳೇ ಲಾಂಛನ. ಬೇರೆ ಯಾರಾದರೂ ಆಗಿದ್ದರೆ ಅದನ್ನು ಎದೆ ಮೇಲೆ ಒಂದು ಪುಟ್ಟ ಬ್ಯಾಡ್ಜ್ ಮಾಡಿ ಸುಮ್ನೆ ಆಗುತ್ತಿದ್ದರು. ಇವರು ಅದನ್ನು ಎತ್ತಿ ಅಂಗಿಯ ಮೇಲೆಲ್ಲಾ ದೊಡ್ಡದಾಗಿ ಹರಡಿದರು.

ಇವತ್ತು ನಾನು ಹೇಳಬೇಕಿರುವ ಮಾತು ಒಂದೇ. ಆಟದ ಅಂಗಿಯನ್ನು ದೂರದಿಂದ ನೋಡಿ.

ಇದು ನನ್ನ ಮಾತಲ್ಲ. 1923ರಲ್ಲಿ ಅದೇ ಮಾಸ್ಕೋದಲ್ಲಿ ವರ್ವಾರಾ ಸ್ಟೆಪನೋವಾ ಎಂಬ ಕಲಾವಿದೆ ಬರೆದದ್ದು. ಕವಿ ಮಯಕೋವ್‌ಸ್ಕಿ ನಡೆಸುತ್ತಿದ್ದ ‘ಲೆಫ್’ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಅದರಲ್ಲಿ ಅವರು ಹೇಳಿದ್ದರ ಸಾರ ಇಷ್ಟು. ಮೈದಾನ ದೊಡ್ಡದು, ನೋಡುವವರು ಸಾವಿರಾರು ಜನ. ಅಷ್ಟು ದೂರಕ್ಕೆ ಅಂಗಿಯ ಕತ್ತರಿ ಕೆಲಸ ಕಾಣುವುದಿಲ್ಲ, ಬಣ್ಣ ಕಾಣುತ್ತದೆ. ಆಡುವವರಿಗೂ ತಮ್ಮವನು ಯಾರು ಅಂತ ಬೇಗ ಗೊತ್ತಾಗುವುದು ಬಣ್ಣದಿಂದಲೇ. ಎಷ್ಟು ಸರಳ ನೋಡಿ! ಅವರೇ ಬರೆದ ಆಟದ ಉಡುಪುಗಳ ಚಿತ್ರಗಳಲ್ಲೂ ದಪ್ಪ ಪಟ್ಟೆ, ಚೂಪು ಕೋನ, ಒಂದಕ್ಕೊಂದು ಎದ್ದು ಕಾಣುವ ಬಣ್ಣ. ಹೂವಿಲ್ಲ, ಬಳ್ಳಿಯಿಲ್ಲ. ಸ್ಟೆಪನೋವಾ ಮತ್ತು ಅವರ ಗೆಳತಿ ಲ್ಯುಬೋವ್ ಪೊಪೊವಾ ಮಾಸ್ಕೋದ ಬಟ್ಟೆ ಗಿರಣಿಯಲ್ಲಿ ಸ್ಕೇಲು, ಕೈವಾರ ಹಿಡಿದು ಅಚ್ಚಿನ ನಮೂನೆ ಬರೆದವರು. ಚಿತ್ರ ಗೋಡೆ ಮೇಲೆ ನೇತಾಡುವುದು ಸಾಕು, ಜನರ ಮೈಮೇಲೆ ಬರಲಿ ಅಂತ ಅವರ ಹಟ.

ಅವಾಂಗಾರ್ದ್ ಅಂತ ಇಂಥ ಕಲಾವಿದರನ್ನು ಕರೆಯುತ್ತಾರೆ. ಫ್ರೆಂಚ್ ಮಾತು. ದಂಡಿನ ಮುಂಚೂಣಿಯಲ್ಲಿ ನಡೆಯುವ ತುಕಡಿ ಅಂತ ಅರ್ಥ. ಹೆಸರು ಕೇಳಿ ಹೆದರಬೇಡಿ. ನೀವು ಟೀವಿಯಲ್ಲಿ ನೋಡುವ ಪಟ್ಟೆ, ಚೌಕ, ಓರೆ ಗೆರೆಗಳಲ್ಲಿ ಅವರ ಕೈ ಇದೆ.

ನಾನು ಬಟ್ಟೆ ವಿನ್ಯಾಸ ಕಲಿಸುವವಳು. ಒಂದು ವರ್ಷ ನನ್ನ ತರಗತಿಯ ಹನ್ನೆರಡು ಮಕ್ಕಳಿಗೆ ಒಂದೊಂದು ಫುಟ್‌ಬಾಲ್ ಜೆರ್ಸಿ ಮಾಡಿ ತನ್ನಿ ಅಂದೆ. ಮೇಜಿನ ಮೇಲೆ ಹರಡಿದರು. ಒಂದಕ್ಕಿಂತ ಒಂದು ಚೆಂದ. ಅದರಲ್ಲೂ ಒಬ್ಬಳು ಹುಡುಗಿಯದು ನೋಡಬೇಕಿತ್ತು. ಕಡಲೆ ಕಾಳಿನಷ್ಟು ಗಾತ್ರದ ಕೆಂಪು ಹೂವು, ಪಕ್ಕದಲ್ಲೇ ಹಸಿರು ಎಲೆ, ಅಂಗಿ ತುಂಬಾ. ಏಳು ರಾತ್ರಿ ಕೂತು ಕೈಯಲ್ಲೇ ಅಚ್ಚು ಒತ್ತಿದ್ದಳು. ಬೆರಳ ತುದಿಯ ಬಣ್ಣ ಇನ್ನೂ ಹೋಗಿರಲಿಲ್ಲ. ಎಲ್ಲರೂ ಅದಕ್ಕೇ ಮೊದಲ ಬಹುಮಾನ ಅಂದರು.

ನಾನು ಏನೂ ಹೇಳಲಿಲ್ಲ. ಅಂಗಿಗಳನ್ನೆಲ್ಲಾ ಮೈದಾನಕ್ಕೆ ತನ್ನಿ ಅಂದೆ. ಆ ಕಡೆಯ ಗೋಲ್ ಕಂಬಕ್ಕೆ ಹಗ್ಗ ಕಟ್ಟಿ ಹನ್ನೆರಡನ್ನೂ ಸಾಲಾಗಿ ನೇತುಹಾಕಿದೆವು. ಈ ಕಡೆಯ ಗೋಲಿನ ತನಕ ನಡೆದು ಬಂದು ತಿರುಗಿ ನೋಡಿದೆವು. ಮಕ್ಕಳು ಮಾತೇ ಆಡಲಿಲ್ಲ. ಅಲ್ಲೇ ಗಿಡಕ್ಕೆ ನೀರು ಬಿಡುತ್ತಿದ್ದ ಮಾಲಿಯವರನ್ನು ಕರೆದು, ‘ಅಣ್ಣಾ, ಅಲ್ಲಿ ಎಷ್ಟು ತರದ ಅಂಗಿ ಕಾಣುತ್ತಿವೆ?’ ಅಂತ ಕೇಳಿದೆ. ಅವರು ಹಣೆಗೆ ಕೈ ಅಡ್ಡ ಹಿಡಿದು ನೋಡಿ ಹೇಳಿದರು: ‘ಮೂರು ತರ ಮೇಡಂ. ಒಂದು ಹಳದಿ ಕಪ್ಪು ಪಟ್ಟೆ. ಒಂದು ಬಿಳಿ, ಮೇಲೊಂದು ಕೆಂಪು ಗೀಟು. ಮಿಕ್ಕಿದ್ದೆಲ್ಲಾ ಮಣ್ಣಿನ ಬಣ್ಣ.’

ಆ ಕೆಂಪು ಹೂವು, ಹಸಿರು ಎಲೆ ಎಲ್ಲಿ ಹೋದವು? ಕಣ್ಣಿನಲ್ಲೇ ಬೆರೆತು ಹೋದವು. ದೂರ ಹೋದಂತೆ ಸಣ್ಣ ಚುಕ್ಕಿಗಳನ್ನು ಕಣ್ಣು ಬೇರೆಬೇರೆಯಾಗಿ ಹಿಡಿಯಲಾರದು. ಎಲ್ಲಾ ಸೇರಿಸಿ ಒಂದೇ ಬಣ್ಣ ಮಾಡಿಬಿಡುತ್ತದೆ. ಕೆಂಪು ಹಸಿರು ಕೂಡಿದರೆ ಕಂದು. ಆ ಹುಡುಗಿಯ ಕಣ್ಣಲ್ಲಿ ನೀರು ಬಂತು. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಮಾರನೇ ವಾರ ಅದೇ ಹೂವನ್ನು ಒಂದೇ ಒಂದು ಬರೆದುಕೊಂಡು ಬಂದಳು. ಸ್ಕೇಲು ಇಟ್ಟು ಆರು ತ್ರಿಕೋನದಲ್ಲಿ ಮಾಡಿದ್ದಳು. ಭುಜದಿಂದ ಸೊಂಟದ ತನಕ ಅಂಗಿ ತುಂಬಾ ಒಂದೇ ಹೂವು, ಬಿಳಿ ಮೇಲೆ ಕೆಂಪು. ಮತ್ತೆ ಹಗ್ಗಕ್ಕೆ ಹಾಕಿದೆವು. ಮಾಲಿಯವರು ನಾವು ಕೇಳುವ ಮೊದಲೇ ‘ಹೂವು!’ ಅಂದರು. ಸ್ಟೆಪನೋವಾ ಅಲ್ಲಿ ನಮ್ಮ ಜೊತೆ ನಿಂತಿರಬೇಕಿತ್ತು ಅಂತ ನನಗೆ ಅವತ್ತು ಅನ್ನಿಸಿತು, ಇವತ್ತೂ ಅನ್ನಿಸುತ್ತದೆ.

ಸಮಯ ಜಾಸ್ತಿ ಇಲ್ಲ, ಇನ್ನೆರಡು ಮಾತು ಬೇಗ ಹೇಳುತ್ತೇನೆ.

1996ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಬೂದು ಅಂಗಿ ಹಾಕಿ ಸೌತಾಂಪ್ಟನ್‌ನಲ್ಲಿ ಆಡಿತು. ಅರ್ಧ ಆಟಕ್ಕೆ 3-0 ಹಿಂದೆ. ವಿರಾಮದಲ್ಲಿ ಅಂಗಿಯನ್ನೇ ಬದಲಾಯಿಸಿದರು. ನಮ್ಮ ಹುಡುಗರಿಗೆ ಜೊತೆಗಾರರೇ ಕಾಣುತ್ತಿರಲಿಲ್ಲ ಅಂತ ಮ್ಯಾನೇಜರ್ ಫರ್ಗುಸನ್ ಹೇಳಿದರು. ಕೊನೆಗೆ 3-1ರಲ್ಲಿ ಸೋತರು. ಸ್ಟೆಪನೋವಾ ಎಪ್ಪತ್ಮೂರು ವರ್ಷ ಮೊದಲೇ ಹೇಳಿದ್ದರು!

1988ರ ನೆದರ್‌ಲ್ಯಾಂಡ್ಸ್ ಅಂಗಿ ಇದಕ್ಕೆ ತದ್ವಿರುದ್ಧ. ಯೂರೋ ಕಪ್ ಫೈನಲ್‌ನಲ್ಲಿ ಸೋವಿಯತ್ ತಂಡವನ್ನು 2-0ರಲ್ಲಿ ಸೋಲಿಸಿದಾಗ ಗುಲ್ಲಿಟ್, ವ್ಯಾನ್ ಬಾಸ್ಟನ್ ಹಾಕಿದ್ದ ಅಂಗಿ. ಹತ್ತಿರದಿಂದ ನೋಡಿದರೆ ಅದರ ತುಂಬಾ ಕೋನಗಳ ಜಾಲ. ಆದರೆ ಎಲ್ಲವೂ ಕಿತ್ತಳೆಯವೇ, ಒಂದು ತುಸು ತಿಳಿ, ಒಂದು ತುಸು ಗಾಢ. ಹಾಗಾಗಿ ಗ್ಯಾಲರಿಯಿಂದ ನೋಡಿದರೆ ಬರೀ ಕಿತ್ತಳೆ, ಕಣ್ಣು ಕುಕ್ಕುವ ಕಿತ್ತಳೆ.

ಶಾಲೆಯ ಪಿ.ಟಿ. ಮೇಷ್ಟ್ರುಗಳು, ಜೆರ್ಸಿ ಪ್ರಿಂಟ್ ಮಾಡುವ ಹುಡುಗರು ಕೇಳುತ್ತಿದ್ದರೆ ನಿಮ್ಮಲ್ಲಿ ಒಂದು ಕೋರಿಕೆ. ಕಂಪ್ಯೂಟರ್ ಮುಂದೆ ಕೂತು ‘ಓಕೆ’ ಅನ್ನಬೇಡಿ. ಒಂದೇ ಒಂದು ಅಂಗಿ ಮೊದಲು ಹೊಲಿಸಿ. ಹಗ್ಗಕ್ಕೆ ಹಾಕಿ. ನೂರು ಹೆಜ್ಜೆ ನಡೆದು ಹೋಗಿ ತಿರುಗಿ ನೋಡಿ. ಪಕ್ಕದಲ್ಲಿ ಯಾರಾದರೂ ಇದ್ದರೆ, ಏನು ಕಾಣುತ್ತೆ ಅಂತ ಅವರನ್ನೂ ಕೇಳಿ.

ನಮಸ್ಕಾರ.