ತಲಕಾಡು ಮರಳಾಗಿದ್ದು ಹೇಗೆ?

"ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ." ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮನ ಶಾಪ ನಮಗೆಲ್ಲ ಬಾಯಿಪಾಠ. ಆದರೆ ಈ ಎರಡು ಮಾತನ್ನು ಯಾವತ್ತಾದರೂ ಜೋಡಿಸಿ ನೋಡಿದ್ದೀರಾ? ಕಾವೇರಿಯ ಈ ದಡದ ತಲಕಾಡಿನಲ್ಲಿ ಮರಳು, ಎದುರು ದಡದ ಮಾಲಂಗಿಯಲ್ಲಿ ಆಳದ ಮಡು. ನನ್ನ ತಲೆ ಕೊರೆದಿದ್ದು ಇದೇ.

ಊರಿನ ಇತಿಹಾಸ ಬೇಗ ಹೇಳಿಬಿಡ್ತೀನಿ. ಕೋಲಾರದಲ್ಲಿದ್ದ ಗಂಗರು 5ನೇ ಶತಮಾನದ ಹೊತ್ತಿಗೆ ಇಲ್ಲಿ ರಾಜಧಾನಿ ಮಾಡಿಕೊಂಡರು. 11ನೇ ಶತಮಾನದ ಶುರುವಿನಲ್ಲಿ ಚೋಳರು ಬಂದು ರಾಜರಾಜಪುರ ಅಂತ ಹೆಸರಿಟ್ಟರು. 1116ರ ಸುಮಾರಿಗೆ ವಿಷ್ಣುವರ್ಧನ ಅವರನ್ನು ಓಡಿಸಿ 'ತಲಕಾಡುಗೊಂಡ' ಎನಿಸಿಕೊಂಡ, ಕೀರ್ತಿನಾರಾಯಣ ಗುಡಿ ಕಟ್ಟಿಸಿದ. ಆಮೇಲೆ ವಿಜಯನಗರ. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ಕೈಗೆ ಬಂತು. ಶಾಪದ ಕಥೆ ಆ ಕಾಲದ್ದು.

[ಪರದೆಯಲ್ಲಿ: ನದಿಯ ತಿರುವಿನ ನಕ್ಷೆ]

ಈಗ ಈ ತಿರುವು ನೋಡಿ. ಬಸ್ಸು ಜೋರಾಗಿ ತಿರುಗಿದಾಗ ಒಳಗಿದ್ದವರೆಲ್ಲ ಹೊರಬದಿಗೆ ವಾಲ್ತಾರೆ ಅಲ್ವಾ? ನೀರೂ ಹಾಗೇ. ಹೊರದಡಕ್ಕೆ ಒತ್ತಿ, ಅಲ್ಲಿ ಮಣ್ಣು ಕೊರೆದು ಆಳ ಮಾಡುತ್ತದೆ. ಒಳದಡದಲ್ಲಿ ವೇಗ ಕಡಿಮೆ, ಹೊತ್ತು ತಂದ ಮರಳನ್ನು ಅಲ್ಲೇ ಬಿಡುತ್ತದೆ. ಅಂದರೆ ಮಡು ಮಾಡಿದ್ದೂ, ಮರಳು ತಂದಿದ್ದೂ ಒಂದೇ ತಿರುವು! ಇದು ಹೊಳೆದ ಮೇಲೆ ಆ ಶಾಪದ ಮಾತು ನನಗೆ ಇನ್ನಷ್ಟು ಇಷ್ಟವಾಯಿತು. ಅದನ್ನು ಮೊದಲು ಹೇಳಿದವರು ನದಿಯ ಎರಡೂ ದಡವನ್ನು ಚೆನ್ನಾಗಿ ಬಲ್ಲವರು.

ಆದರೆ ದಡದ ಮರಳು ಊರಿನೊಳಗೆ ಬಂದಿದ್ದು ಹೇಗೆ? ಗಾಳಿಯಿಂದ. ಬೇಸಿಗೆಯಲ್ಲಿ ನದಿ ಇಳಿದು ಮರಳು ಒಣಗುತ್ತದೆ. ಮುಂಗಾರಿನ ನೈಋತ್ಯ ಗಾಳಿ ಅದನ್ನು ಎತ್ತಿ ಊರಿನ ಮೇಲೆ ಸುರಿಯುತ್ತದೆ. ವಿಜಯನಗರದ ಕಾಲದಲ್ಲಿ ಮೇಲ್ಗಡೆ ಮಾಧವಮಂತ್ರಿ ಅಣೆಕಟ್ಟೆ ಕಟ್ಟಿದರು. ಗದ್ದೆಗೆ ನೀರು ಸಿಕ್ಕಿತು, ಕೆಳಗೆ ಹರಿವು ತಗ್ಗಿ ಮರಳು ಜಾಸ್ತಿ ಬಯಲಾಯಿತು ಅನ್ನೋದು ಕೆಲವು ಸಂಶೋಧಕರ ವಾದ. ನನಗೆ ಈ ವಾದ ಸರಿ ಅನಿಸುತ್ತದೆ.

19ನೇ ಶತಮಾನದ ಮೈಸೂರು ಗೆಜೆಟಿಯರ್‌ನಲ್ಲಿ ಒಂದು ವಿವರವಿದೆ: ಮರಳಿನ ದಿಬ್ಬಗಳು ವರ್ಷಕ್ಕೆ 9-10 ಅಡಿ ಮುಂದೆ ಬರುತ್ತಿದ್ದವು. ಜನ ಮನೆ ಬಿಟ್ಟು ಹಿಂದೆ ಹಿಂದೆ ಸರಿಯುತ್ತಿದ್ದರು. ಮೂವತ್ತಕ್ಕೂ ಹೆಚ್ಚು ಗುಡಿಗಳು ಕೆಳಗೆ ಹೂತಿದ್ದವಂತೆ. ಹತ್ತಡಿ ಅಂದರೆ ಒಂದು ಕೋಣೆಯ ಅಗಲ. ಈ ವರ್ಷ ಹಿತ್ತಿಲು ಹೋದರೆ ಮುಂದಿನ ವರ್ಷ ಅಡುಗೆಮನೆ. ಆದರೂ ಅವರು ಊರು ಬಿಡಲಿಲ್ಲ. ರಾಜರ ಹೆಸರು ಎಲ್ಲರಿಗೂ ಗೊತ್ತು, ಊರು ಉಳಿಸಿದ್ದು ಮಾತ್ರ ಇವರು.

ಟೈಮ್ ಆಗ್ತಾ ಬಂತು, ಉಳಿದದ್ದು ಚುಟುಕಾಗಿ. ಮರಳು ತಡೆಯಲು ನೀಲಗಿರಿ, ಸರ್ವೆ ಮರ ನೆಟ್ಟರು. ಪುರಾತತ್ವ ಇಲಾಖೆ ಅಗೆದು ಗುಡಿಗಳನ್ನು ಹೊರತೆಗೆಯಿತು. ಇಲ್ಲಿನ ಐದು ಶಿವಲಿಂಗಗಳನ್ನು ನೋಡಲು ಕೆಲವು ವರ್ಷಕ್ಕೊಮ್ಮೆ ನಡೆಯುವ ಜಾತ್ರೆ ಪಂಚಲಿಂಗ ದರ್ಶನ, 2020ರ ಡಿಸೆಂಬರ್‌ನಲ್ಲಿ ನಡೆದಿತ್ತು.

ನೀವು ಹೋದರೆ ಗುಡಿ ನೋಡಿ ಸುಮ್ನೆ ವಾಪಸ್ ಬರಬೇಡಿ, ದಡಕ್ಕೂ ನಡೆದು ಬನ್ನಿ. ನೀರಿಗೆ ಇಳಿಯುವಾಗ ಮಾತ್ರ ಜೋಪಾನ. ಮರಳಿನ ಮೇಲೆ ಮೊಣಕಾಲುದ್ದ ಇರುವ ನೀರು, ಸ್ವಲ್ಪ ಮುಂದೆ ಹೋದರೆ ಆಳವಾಗಿಬಿಡುತ್ತದೆ.