ಗಂಡ, ಹೆಂಡತಿ, ಎರಡು ಸೈಕಲ್ಲು

ಎಲ್ಲರಿಗೂ ನಮಸ್ಕಾರ. ಹೊರಗೆ ಸಾಲಾಗಿ ನಿಂತಿರುವ ನಿಮ್ಮ ಸೈಕಲ್ಲುಗಳನ್ನು ನೋಡಿಕೊಂಡೇ ಒಳಗೆ ಬಂದೆ. ಕೆಲವಕ್ಕೆ ನನ್ನ ಸ್ಕೂಟರಿಗಿಂತ ಜಾಸ್ತಿ ಬೆಲೆ ಅಂತೆ. ಒಂದು ಮಾತು ಕೇಳಲಾ? ಒಂದೇ ದಿನದಲ್ಲಿ ನೀವು ಹೆಚ್ಚೆಂದರೆ ಎಷ್ಟು ಪಂಕ್ಚರ್ ಹಾಕಿದ್ದೀರಿ? ಹಿಂದಿನ ಸಾಲಿನಿಂದ ಐದು ಅಂದರು. ಇವತ್ತು ನಾನು ಹೇಳಹೊರಟಿರುವ ದಂಪತಿ ಕೆಲವು ದಿನ 40ರವರೆಗೂ ಹಾಕಿದವರು.

ಹೆಂಡತಿ ಫ್ಯಾನಿ ಬುಲಕ್ ವರ್ಕ್‌ಮನ್, ಗಂಡ ವಿಲಿಯಂ ಹಂಟರ್ ವರ್ಕ್‌ಮನ್. ಅಮೆರಿಕದ ಮ್ಯಾಸಚೂಸೆಟ್ಸ್‌ನವರು. ಆಕೆಯ ತಂದೆ ಅಲ್ಲಿ ಗವರ್ನರ್ ಆಗಿದ್ದವರು, ದುಡ್ಡಿಗೆ ಬರ ಇರಲಿಲ್ಲ. ಆತ ಡಾಕ್ಟರ್, ಆಕೆಗಿಂತ ಸುಮಾರು 12 ವರ್ಷ ದೊಡ್ಡವನು. ಮೈ ಸರಿಯಿಲ್ಲ ಅಂತ 1889ರಲ್ಲಿ ಕೆಲಸ ಬಿಟ್ಟು ಸಂಸಾರ ಸಮೇತ ಜರ್ಮನಿಗೆ ಹೋದ. ಅದೇ ಮನುಷ್ಯ 1895ರಲ್ಲಿ ಹೆಂಡತಿಯ ಜೊತೆ ಸ್ಪೇನ್ ತುಂಬ ಸೈಕಲ್ ತುಳಿದ! ಕಾಯಿಲೆ ಏನಿತ್ತೋ ದೇವರಿಗೇ ಗೊತ್ತು.

ಏಷ್ಯಾ ಕಡೆ ಹೊರಟದ್ದು 1897ರ ನವೆಂಬರ್‌ನಲ್ಲಿ. ಆಕೆಗೆ 38, ಆತನಿಗೆ 50. ಸಿಲೋನ್, ಜಾವಾ, ಬರ್ಮಾ, ಇಂಡಿಯಾ ಅಂತ ಎರಡೂವರೆ ವರ್ಷ ತಿರುಗಿದರು. ಒಟ್ಟು 14,000 ಮೈಲಿ. ಅದರಲ್ಲಿ ನಮ್ಮ ದೇಶದ ದಕ್ಷಿಣದ ತುದಿಯಿಂದ ಹಿಮಾಲಯದವರೆಗೆ ಸೈಕಲ್ ತುಳಿದದ್ದೇ ಸುಮಾರು 4,000 ಮೈಲಿ. ಜೊತೆಗಿದ್ದ ಸಾಮಾನು ಕೇಳಿ: ಟೀ, ಸಕ್ಕರೆ, ಬಿಸ್ಕತ್ತು, ಚೀಸ್, ಡಬ್ಬಿ ಮಾಂಸ, ನೀರು, ಒಬ್ಬೊಬ್ಬರಿಗೆ ಒಂದು ಕಂಬಳಿ, ಬರೆಯುವ ಸಾಮಾನು, ಔಷಧಿ, ರಿಪೇರಿ ಸಾಮಾನು. ಮತ್ತೆ ತಲೆದಿಂಬು! ಇಲಿ ಓಡಾಡುವ ಕೋಣೆಯಾದರೂ ಸರಿ, ದಿಂಬು ಮಾತ್ರ ತಮ್ಮದೇ ಆಗಬೇಕು. ಇದು ನನಗೆ ತುಂಬ ಇಷ್ಟವಾದ ವಿವರ. ಊಟ ಸಿಗಬೇಕಲ್ಲ, ಅದಕ್ಕೆ ಆದಷ್ಟೂ ದೊಡ್ಡ ರಸ್ತೆ, ರೈಲು ದಾರಿ ಬಿಟ್ಟು ದೂರ ಹೋಗುತ್ತಿರಲಿಲ್ಲ. ಕೆಲವು ರಾತ್ರಿ ಸ್ಟೇಷನ್ನಿನ ವೇಟಿಂಗ್ ರೂಮೇ ಗತಿ.

ಇಷ್ಟೆಲ್ಲ ಕಷ್ಟಪಟ್ಟದ್ದು ಯಾಕೆ? ಹಳೆಯ ಗುಡಿ, ಹಳೆಯ ಕಟ್ಟಡ ನೋಡೋಕೆ. ರಾಮಾಯಣ, ಮಹಾಭಾರತ, ಜಾತಕ ಕಥೆ ಎಲ್ಲ ಓದಿಕೊಂಡಿದ್ದರು. ಆಗಿನ ಎಷ್ಟು ಜನ ಬಿಳಿಯರು ಅಷ್ಟು ತಯಾರಾಗಿ ಬರುತ್ತಿದ್ದರು ಹೇಳಿ. ಆದರೆ ಗುಡಿಯ ಕಂಬದ ಬಗ್ಗೆ ಇದ್ದ ಕುತೂಹಲ ಆ ಕಂಬಕ್ಕೆ ಒರಗಿ ಕೂತವರ ಬಗ್ಗೆ ಇರಲಿಲ್ಲ. ನನ್ನ ತಕರಾರು ಇರುವುದೇ ಇಲ್ಲಿ.

ಬಯಲಿನ ಬಿಸಿಲಿಗೆ ಹೆದರಿ 1898ರಲ್ಲಿ ಸೈಕಲ್ ಬದಿಗಿಟ್ಟು ಬೆಟ್ಟದ ಕಡೆ ನಡೆದರು. ಅಲ್ಲಿಂದ ಬೆಟ್ಟ ಅವರನ್ನು ಬಿಡಲಿಲ್ಲ. 1912ರವರೆಗೆ ಒಟ್ಟು ಎಂಟು ಸಲ ಹಿಮಾಲಯ, ಅದರಾಚೆಯ ಕಾರಕೋರಂ ಬೆಟ್ಟಸಾಲು. ಕೆಲಸ ಹಂಚಿಕೊಂಡ ರೀತಿ ಚೆನ್ನಾಗಿದೆ. ಒಂದು ವರ್ಷ ಹೆಂಡತಿ ಆಳುಕಾಳು, ಸಾಮಾನು, ದಾರಿ ಎಲ್ಲ ನೋಡಿಕೊಂಡರೆ ಗಂಡನದು ಅಳತೆ, ವಿಜ್ಞಾನದ ಕೆಲಸ. ಮುಂದಿನ ಸಲ ಅದಲು ಬದಲು. ನಮ್ಮ ಮನೆಯಲ್ಲಿ ಅಡುಗೆ ಕೆಲಸಕ್ಕೇ ಇದನ್ನು ತರಲು ನನ್ನ ಹೆಂಡತಿ ಎಷ್ಟೋ ವರ್ಷದಿಂದ ನೋಡುತ್ತಿದ್ದಾಳೆ.

1906ರಲ್ಲಿ, 47ನೇ ವಯಸ್ಸಿನಲ್ಲಿ, ಫ್ಯಾನಿ ಲಡಾಖ್ ಕಡೆಯ ನುನ್ ಕುನ್ ಬೆಟ್ಟಗಳ ಪಿನಾಕಲ್ ಪೀಕ್ ಹತ್ತಿದಳು. 6,930 ಮೀಟರ್. ಹೆಂಗಸರಲ್ಲಿ ಅದೇ ಅತಿ ಎತ್ತರದ ದಾಖಲೆ, 1934ರವರೆಗೆ. ಅದನ್ನು ಮುರಿದ ಹೆಟ್ಟಿ ಡೀರೆನ್‌ಫುರ್ತ್ ಕೂಡ ಗಂಡನ ಜೊತೆ ಕಾರಕೋರಂಗೇ ಹೋದವಳು. ಮಧ್ಯದಲ್ಲಿ ಆ್ಯನಿ ಪೆಕ್ ಎಂಬಾಕೆ ಪೆರುವಿನಲ್ಲಿ ತಾನು ಇನ್ನೂ ಎತ್ತರ ಹತ್ತಿದೆ ಅಂದಳು. ಫ್ಯಾನಿ ಸುಮ್ನೆ ಇರ್ತಾಳಾ? 13,000 ಡಾಲರ್ ಖರ್ಚು ಮಾಡಿ ಆ ಬೆಟ್ಟವನ್ನೇ ಅಳೆಸಿದಳು. ಅದು ಪಿನಾಕಲ್‌ಗಿಂತ ಗಿಡ್ಡ ಅಂತ ಸಾಬೀತು ಮಾಡಿಯೇ ಬಿಟ್ಟಳು.

ಇಷ್ಟು ಹಟದವರ ಹಿಂದೆ ಹೊರೆ ಹೊತ್ತವರ ಪಾಡೇನು? ಕೂಲಿಗಳು ಮುಷ್ಕರ ಮಾಡಿದರು, ಓಡಿಹೋದರು. ಗಂಡ ಹೆಂಡತಿ ತಮ್ಮ ಪುಸ್ತಕಗಳಲ್ಲಿ ಅವರನ್ನೇ ಬೈದು ಬರೆದರು. ಯಾಕೆ ಓಡಿದರು ಎಂದು ಕೇಳುವ ತಾಳ್ಮೆ ಇಬ್ಬರಿಗೂ ಇರಲಿಲ್ಲ. ಕೊನೆಗೆ ಇಟಲಿಯಿಂದಲೇ ಹಮಾಲರನ್ನು ಕರೆತಂದರು. ಇನ್ನು ಅವರ ಸ್ವಂತ ಮಗಳು ರೇಚಲ್? ಯುರೋಪಿನಲ್ಲಿ ಆಯಾಗಳ ಕೈಯಲ್ಲಿ, ಶಾಲೆಗಳಲ್ಲಿ ಬೆಳೆದಳು.

ಕಾರಕೋರಂನ ಸಿಯಾಚಿನ್ ಹಿಮನದಿ ಅಂದರೆ ನಮಗೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನೆನಪಾಗುತ್ತಾರೆ, ಅಲ್ವಾ? 2016ರಲ್ಲಿ ಆರು ದಿನ ಹಿಮದಡಿ ಸಿಕ್ಕಿಕೊಂಡು, ಜೀವಂತ ಹೊರಬಂದು, ಆಮೇಲೆ ತೀರಿಕೊಂಡವರು. ಸೈನ್ಯ ಅಲ್ಲಿಗೆ ಹೋದದ್ದು 1984ರಲ್ಲಿ. ಅದಕ್ಕೂ 72 ವರ್ಷ ಮೊದಲು ಅದೇ ಹಿಮದ ಮೇಲೆ ಈ ದಂಪತಿ ಸರ್ವೆ ಮಾಡಿಸಿದರು. ಆ ಸಲ ತಂಡಕ್ಕೆ ಮುಂದಾಳು ಫ್ಯಾನಿ. ಕೆಲಸ ಶುರುವಾಗುವಷ್ಟರಲ್ಲೇ ಇಟಲಿಯ ಹಮಾಲ ಚೆಸಾರೆ ಶೆನೋ ಹಿಮದ ಬಿರುಕಿಗೆ ಬಿದ್ದು ಸತ್ತ. ಆದರೂ ತಂಡ ಮುಂದೆ ನಡೆಯಿತು.

ಅದೇ ಸಲ ಸುಮಾರು 21,000 ಅಡಿ ಎತ್ತರದಲ್ಲಿ ಒಂದು ಫೋಟೋ ತೆಗೆದರು. ಮಂಜಿನಲ್ಲಿ ಫ್ಯಾನಿ ನಿಂತಿದ್ದಾಳೆ, ಕೈಯಲ್ಲಿ ಬಿಚ್ಚಿದ ಪೇಪರು, ಮೇಲೆ ದಪ್ಪಕ್ಷರದಲ್ಲಿ 'ಹೆಂಗಸರಿಗೆ ಮತದ ಹಕ್ಕು' ಎಂದು ಇಂಗ್ಲಿಷಿನಲ್ಲಿ. ಅಮೆರಿಕ ಇಡೀ ದೇಶಕ್ಕೆ ಅನ್ವಯಿಸುವಂತೆ ಆ ಹಕ್ಕು ಕೊಟ್ಟದ್ದು 1920ರಲ್ಲಿ. ಈಗ ಆ ಫೋಟೋ ತೋರಿಸುತ್ತೇನೆ. ಆಕೆಯನ್ನು ನೋಡಿ. ಆಮೇಲೆ ಆ ಕ್ಯಾಮೆರಾ, ಆ ಡೇರೆ, ಆ ಪೇಪರನ್ನು ಅಲ್ಲಿವರೆಗೆ ಹೊತ್ತವರು ಎಲ್ಲಾದರೂ ಕಾಣುತ್ತಾರಾ, ಹುಡುಕಿ. ಸ್ವಲ್ಪ ಲೈಟ್ ಆರಿಸಿ.